ಕಾವಲುಗಾರನಿಗೆ ಗೊತ್ತಾಯ್ತಾ ಇಲ್ವಾ: ಹೊಂಚು ದಾಳಿ ಮತ್ತು ಸರ್‌ಪ್ರೈಸ್ ನಿಯಮ

ಪ್ರಶ್ನೆ: ನಾನು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ದಾಳ ಹಾಕುತ್ತಾ ಪಾತ್ರಗಳಾಗಿ ಆಡುವ ಕಥೆಯಾಟ) ಐದನೇ ಆವೃತ್ತಿ ಆಡಿಸುತ್ತೇನೆ, 2014ರ ಪುಸ್ತಕದ ಪ್ರಕಾರ. ತಂಡದಲ್ಲಿ ನಾಲ್ವರು: ಬಿಲ್ಲು ಹಿಡಿದ ರೇಂಜರ್, ಮರೆಯಿಂದ ಕೊಲ್ಲುವ ಅಸಾಸಿನ್ ರೋಗ್, ಮಂತ್ರ ಹಾಕುವ ವಿಝರ್ಡ್, ಭಾರಿ ಕವಚದ ಪ್ಯಾಲಡಿನ್. ಎಲ್ಲರೂ ಮೂರನೇ ಲೆವೆಲ್. ಹೋದ ಆಟದಲ್ಲಿ ಕೋಟೆ ಬಾಗಿಲಲ್ಲಿದ್ದ ನಾಲ್ವರು ಕಾವಲುಗಾರರ ಮೇಲೆ ಹೊಂಚು ಹಾಕಿದರು. ರೇಂಜರ್ ಆಡುವವಳು ‘ಮೊದಲು ಬಾಣ ಬಿಡ್ತೀನಿ, ಆಮೇಲೆ ಇನಿಷಿಯೇಟಿವ್ ಹಾಕೋಣ’ ಅಂದಳು (ಯಾರ ಸರದಿ ಮೊದಲು ಅಂತ ತೀರ್ಮಾನಿಸುವ ದಾಳ ಅದು). ಸರಿ ಅಂದೆ. ಆಮೇಲೆ ಎಲ್ಲರಿಗೂ ಒಂದು ಸರ್‌ಪ್ರೈಸ್ ರೌಂಡ್ ಕೊಟ್ಟೆ. ಅಸಾಸಿನ್ ರೋಗ್‌ಗೆ ಇನಿಷಿಯೇಟಿವ್ 11 ಬಂತು, ಒಬ್ಬ ಕಾವಲುಗಾರನಿಗೆ 19. ಅವನ ಮೇಲೆ ಕ್ರಿಟಿಕಲ್ (ಡ್ಯಾಮೇಜ್ ದಾಳಗಳು ಎರಡರಷ್ಟಾಗುವ ಏಟು) ಸಿಗುತ್ತೋ ಇಲ್ಲವೋ ಅಂತ ಜಗಳ ಶುರುವಾಯಿತು. ಅಷ್ಟರಲ್ಲಿ ವಿಝರ್ಡ್, ‘ಪ್ಯಾಲಡಿನ್‌ದು ಸ್ಟೆಲ್ತ್ (ಅಡಗುವ ರೋಲ್) ಬರೀ 6 ಬಂದಿತ್ತು, ಹಾಗಾದರೆ ಸರ್‌ಪ್ರೈಸೇ ಇಲ್ವಲ್ಲ’ ಅಂದ. ಇದರಲ್ಲಿ ಯಾರು ಸರಿ?

ಉತ್ತರ: ವಿಝರ್ಡ್ ಸರಿ. ಪುಸ್ತಕ ಹಿಡಿದು ಕೂತರೆ ಉಳಿದವರೆಲ್ಲ ತಪ್ಪು. ಆದರೆ ಪುಸ್ತಕ ಹೇಳಿದ್ದೆಲ್ಲ ಆಟದಲ್ಲಿ ಚೆನ್ನಾಗಿ ನಡೆಯುತ್ತೆ ಅಂತೇನಿಲ್ಲ. ಹಾಗಾಗಿ ಎಲ್ಲಿ ಪುಸ್ತಕವನ್ನು ಬಿಗಿಯಾಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬಹುದು ಅಂತ ನನ್ನ ಅಭಿಪ್ರಾಯವನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲು ಆ ‘ಸರ್‌ಪ್ರೈಸ್ ರೌಂಡ್’ ವಿಷಯ. ಐದನೇ ಆವೃತ್ತಿಯಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಅದು 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿತ್ತು, 2008ರ ನಾಲ್ಕನೆಯದರಲ್ಲೂ ಇತ್ತು. ಹಳೆಯ ಆಟಗಾರರ ಬಾಯಿಂದ ಬಾಯಿಗೆ ಬಂದು ಇವತ್ತಿಗೂ ಎಷ್ಟೋ ಟೇಬಲ್‌ಗಳಲ್ಲಿ ಉಳಿದಿದೆ. ಅಲ್ಲಿ ಹೊಂಚು ಹಾಕಿದವರಿಗೆ ಯುದ್ಧಕ್ಕೆ ಮುಂಚೆ ಒಂದು ತುಂಡು ರೌಂಡ್ ಸಿಗುತ್ತಿತ್ತು. ತುಂಡು ಅಂದೆ ನೋಡಿ, ಅದನ್ನು ಗಮನಿಸಿ. ಆ ರೌಂಡ್‌ನಲ್ಲಿ ಒಂದೇ ಒಂದು ಆ್ಯಕ್ಷನ್. ಒಂದೋ ಹೊಡಿ, ಇಲ್ಲವೋ ಓಡು. ಈಗಿನ ಟೇಬಲ್‌ಗಳಲ್ಲಿ ಆಗುವುದೇನೆಂದರೆ, ಹೆಸರು ಮಾತ್ರ ಹಳೆಯದು, ಕೊಡುವುದು ಪೂರ್ತಿ ಟರ್ನ್ (ಒಬ್ಬೊಬ್ಬರ ಸರದಿ). ಅದು ಮುಗಿದ ಮೇಲೆ ಇನಿಷಿಯೇಟಿವ್, ಅದರ ಮೇಲೆ ‘ಸರ್‌ಪ್ರೈಸ್ ಆದವರು ಮೊದಲ ಟರ್ನ್ ಆಡೋ ಹಾಗಿಲ್ಲ’ ಅನ್ನುವ ಹೊಸ ನಿಯಮವೂ ಸೇರಿಕೊಳ್ಳುತ್ತದೆ. ಒಂದೇ ಹೊಂಚಿಗೆ ಎರಡು ಸಲ ಬಹುಮಾನ. ನಿಮ್ಮ ಆಟದಲ್ಲಿ ಅದಕ್ಕೂ ಮುಂಚೆ ಒಂದು ಬಾಣ ಬೇರೆ!

2014ರ ಪುಸ್ತಕ ಹೇಳುವುದು ಇಷ್ಟೇ. ಅಡಗಿರುವವರ ಸ್ಟೆಲ್ತ್ ರೋಲನ್ನು ಎದುರು ಬದಿಯ ಒಬ್ಬೊಬ್ಬರ ಪ್ಯಾಸಿವ್ ಪರ್ಸೆಪ್ಷನ್ (ದಾಳ ಹಾಕದೆಯೇ ಇರುವ ಗಮನದ ಅಂಕಿ) ಜೊತೆ ಡಿಎಂ, ಅಂದರೆ ಆಟ ನಡೆಸುವವರು, ಹೋಲಿಸಿ ನೋಡಬೇಕು. ಅಪಾಯ ಗಮನಕ್ಕೆ ಬಾರದವನು ಸರ್‌ಪ್ರೈಸ್ ಆದ ಅಂತ ಅರ್ಥ. ಅವನು ತನ್ನ ಮೊದಲ ಟರ್ನ್‌ನಲ್ಲಿ ಜಾಗ ಬಿಟ್ಟು ಕದಲುವಂತಿಲ್ಲ, ಆ್ಯಕ್ಷನ್ ಮಾಡುವಂತಿಲ್ಲ. ಆ ಟರ್ನ್ ಮುಗಿಯುವವರೆಗೆ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ತಟ್ಟನೆ ಮಾಡಬಹುದಾದ ಪ್ರತಿಕ್ರಿಯೆ) ಕೂಡ ಇಲ್ಲ. ಅಲ್ಲಿಗೆ ಮುಗಿಯಿತು. ಯುದ್ಧ ಮಾಮೂಲಿ ಮೊದಲ ರೌಂಡ್‌ನಿಂದಲೇ ಶುರು, ಎಲ್ಲರೂ ಇನಿಷಿಯೇಟಿವ್ ಹಾಕುತ್ತಾರೆ, ಸರ್‌ಪ್ರೈಸ್ ಆದವರೂ ಸಹ.

ಇಲ್ಲಿ ಎರಡು ಪ್ರಶ್ನೆಗಳಿವೆ, ಅವನ್ನು ಬೆರೆಸಬಾರದು. ಅಪಾಯ ಇದೆ ಅಂತ ಇವನಿಗೆ ಗೊತ್ತಾ? ಇದು ಮೊದಲನೆಯದು. ಗೊತ್ತಾದ ಮೇಲೆ ಯಾರ ಕೈ ಚುರುಕು? ಇದು ಎರಡನೆಯದು. ಮೊದಲನೆಯದಕ್ಕೆ ಸ್ಟೆಲ್ತ್ ಮತ್ತು ಪರ್ಸೆಪ್ಷನ್ ಉತ್ತರ ಕೊಡುತ್ತವೆ, ಎರಡನೆಯದಕ್ಕೆ ಇನಿಷಿಯೇಟಿವ್. ನಿಮ್ಮ ಟೇಬಲ್‌ನ ಮೂರೂ ಜಗಳಗಳು ಇವೆರಡನ್ನು ಕಲಸಿದ್ದರಿಂದ ಹುಟ್ಟಿದವು.

ಈಗ ರೇಂಜರ್ ಬಾಣ. ‘ಬಾಣ ಬಿಡ್ತೀನಿ’ ಅಂದ ಕ್ಷಣವೇ ಯುದ್ಧ ಶುರು. ಬಾಣ ಇನ್ನೂ ಬಿಲ್ಲಿನಲ್ಲೇ ಇರುತ್ತದೆ. ‘ನೀನು ಹೆದೆ ಎಳೆದೆ, ಎಲ್ಲರೂ ಇನಿಷಿಯೇಟಿವ್ ಹಾಕಿ’ ಅನ್ನಿ. ಇಲ್ಲದಿದ್ದರೆ ಆ ಬಾಣ ಯಾವ ಲೆಕ್ಕಕ್ಕೂ ಸೇರದ ಕೊಸರು ಆಗುತ್ತದೆ. ಪಕ್ಕದಲ್ಲಿ ಕೂತ ವಿಝರ್ಡ್ ಸುಮ್ನೆ ಇರುತ್ತಾನಾ? ‘ನಾನೂ ಅದೇ ಕ್ಷಣಕ್ಕೆ ಮಂತ್ರ ಹಾಕ್ತೀನಿ’ ಅನ್ನುತ್ತಾನೆ. ಅವನಿಗೆ ಬೇಡ ಅನ್ನಲು ನಿಮ್ಮ ಹತ್ತಿರ ಕಾರಣ ಇರುವುದಿಲ್ಲ. ಯಾರು ಮೊದಲು ಬಾಯಿ ತೆರೆದರೋ ಅವರಿಗೆ ಲಾಭ ಅಂತಾದರೆ ಇನಿಷಿಯೇಟಿವ್ ಯಾಕೆ ಬೇಕು?

ಇದಕ್ಕೆ ಆಟಗಾರರು ತಕರಾರು ತೆಗೆಯುವುದು ಸಹಜ. ‘ನಾನು ಬಾಣ ಬಿಡದೆ ಯುದ್ಧ ಹೇಗೆ ಶುರುವಾಗುತ್ತೆ? ನನಗೇ ಕೊನೆಯ ನಂಬರ್ ಬಂದರೆ?’ ಬರಲಿ ಬಿಡಿ. ಕಾವಲುಗಾರರು ಹೇಗೂ ಸರ್‌ಪ್ರೈಸ್ ಆಗಿದ್ದಾರೆ, ಮೊದಲ ಟರ್ನ್‌ನಲ್ಲಿ ಏನೂ ಮಾಡಲಾರರು. ರೋಗ್‌ಗೆ ಮುಂಚೆ ಟರ್ನ್ ಬಂದರೆ ಅವನು ತಾನೇ ಶುರು ಮಾಡಬಹುದು. ಬಾಣ ಮೊದಲು ಬೀಳಲೇಬೇಕು ಅಂತ ಒಪ್ಪಂದ ಆಗಿದ್ದರೆ ಉಳಿದವರು ರೆಡಿ ಆ್ಯಕ್ಷನ್ (‘ಇಂಥದ್ದಾದಾಗ ಹೊಡೀತೀನಿ’ ಅಂತ ಮೊದಲೇ ಹೇಳಿಡುವುದು) ತೆಗೆದುಕೊಂಡು ಕಾಯಬಹುದು. ಕಾಯುವುದಕ್ಕೂ ಬೆಲೆ ಇದೆ ಅನ್ನುವುದನ್ನು ಮಾತ್ರ ನೆನಪಿಸಿ. ರೆಡಿ ಮಾಡಿದ ಏಟು ರಿಯಾಕ್ಷನ್ ತಿನ್ನುತ್ತದೆ. ಮುಂದೆ ಐದನೇ ಲೆವೆಲ್‌ನಲ್ಲಿ ರೇಂಜರ್, ಪ್ಯಾಲಡಿನ್‌ಗೆ ಎಕ್ಸ್‌ಟ್ರಾ ಅಟ್ಯಾಕ್ ಬಂದ ಮೇಲೂ ರೆಡಿಯಲ್ಲಿ ಸಿಗುವುದು ಒಂದೇ ಏಟು. ಯಾಕೆಂದರೆ ಎರಡನೇ ಏಟು ಸ್ವಂತ ಟರ್ನ್‌ನಲ್ಲಿ ಮಾತ್ರ.

ಇನ್ನು ನಿಜವಾದ ಜಗಳ, 19 ಬಂದ ಕಾವಲುಗಾರ. ಪ್ಯಾಲಡಿನ್ ಸದ್ದು ಮಾಡಿದ್ದನ್ನು ಸ್ವಲ್ಪ ಹೊತ್ತು ಮರೆತುಬಿಡೋಣ, ನಾಲ್ವರು ಕಾವಲುಗಾರರೂ ಸರ್‌ಪ್ರೈಸ್ ಆಗಿದ್ದಾರೆ ಅಂತಲೇ ಇಟ್ಟುಕೊಳ್ಳಿ. ನೀವು ಬರೆಯದೇ ಇರುವ ನಂಬರ್‌ಗಳನ್ನು ನಾನೇ ಹಾಕಿಕೊಳ್ಳುತ್ತೇನೆ. ಮೊದಲ ಕಾವಲುಗಾರ 19, ರೇಂಜರ್ 17, ಎರಡನೇ ಕಾವಲುಗಾರ 14, ರೋಗ್ 11, ಮಿಕ್ಕ ಇಬ್ಬರು ಕಾವಲುಗಾರರು 8 ಮತ್ತು 5.

19ನೆಯವನ ಟರ್ನ್ ಬಂತು. ಅವನು ಏನೂ ಮಾಡಲಿಲ್ಲ, ಟರ್ನ್ ಮುಗಿಯಿತು. ಮುಗಿದ ಕ್ಷಣದಿಂದ ಅವನು ಸರ್‌ಪ್ರೈಸ್ ಅಲ್ಲ. ಈಗ ಅವನಿಗೆ ರಿಯಾಕ್ಷನ್ ಇದೆ. ರೇಂಜರ್ ಬಾಣ ಬಿಟ್ಟಳು. 14ನೆಯವನ ಟರ್ನ್ ಕೂಡ ಹಾಗೇ ಖಾಲಿ ಹೋಯಿತು, ಅವನೂ ಎಚ್ಚರವಾದ. ಈಗ ರೋಗ್. ಅಸಾಸಿನ್‌ಗೆ ಮೂರನೇ ಲೆವೆಲ್‌ನಲ್ಲಿ ಸಿಗುವ ಶಕ್ತಿಯಲ್ಲಿ ಎರಡು ತುಂಡುಗಳಿವೆ. ಈ ಯುದ್ಧದಲ್ಲಿ ಇನ್ನೂ ಟರ್ನ್ ಆಡದವನ ಮೇಲೆ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯುವುದು). ಸರ್‌ಪ್ರೈಸ್ ಆದವನಿಗೆ ಏಟು ತಾಗಿದರೆ ಅದು ಕ್ರಿಟಿಕಲ್. 8 ಮತ್ತು 5ರವರ ಮೇಲೆ ಎರಡೂ ಸಿಗುತ್ತವೆ. 19 ಮತ್ತು 14ರವರ ಮೇಲೆ ಎರಡೂ ಇಲ್ಲ. ಸುಮ್ಮನೆ ನಿಂತು ಕಳೆದ ಟರ್ನ್ ಕೂಡ ಟರ್ನೇ. ಆಟದ ಅಧಿಕೃತ ವಿವರಣೆಯಾದ ಸೇಜ್ ಅಡ್ವೈಸ್ ಕೂಡ ಇದನ್ನೇ ಹೇಳುತ್ತದೆ.

ಹಾಗಂತ ರೋಗ್ ಕೈ ಖಾಲಿ ಆಗಲಿಲ್ಲ. ಅವನು ಇನ್ನೂ ಪೊದೆಯ ಹಿಂದೆಯೇ ಇದ್ದಾನೆ, ಯಾರಿಗೂ ಕಂಡಿಲ್ಲ. ಕಾಣದವನು ಹೊಡೆದರೆ ಅಡ್ವಾಂಟೇಜ್ ಇದ್ದೇ ಇದೆ. ಅಡ್ವಾಂಟೇಜ್ ಇದ್ದರೆ ಸ್ನೀಕ್ ಅಟ್ಯಾಕ್ (ರೋಗ್ ಏಟಿಗೆ ಸೇರುವ ಹೆಚ್ಚುವರಿ ಡ್ಯಾಮೇಜ್) ಕೂಡ ಇದೆ. ಶಾರ್ಟ್‌ಬೋ ಒಂದು ಡಿ6 (ಆರು ಮುಖದ ದಾಳ), ಸ್ನೀಕ್ ಅಟ್ಯಾಕ್ ಎರಡು ಡಿ6, ಡೆಕ್ಸ್ಟೆರಿಟಿ (ಚುರುಕುತನ) +3 ಅಂತ ಹಿಡಿದರೆ ಸರಾಸರಿ 13.5 ಡ್ಯಾಮೇಜ್. ಕ್ರಿಟಿಕಲ್ ಆಗಿದ್ದರೆ 24. ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿರುವ ಮಾಮೂಲಿ ಕಾವಲುಗಾರನಿಗೆ ಇರುವುದು 11 ಹಿಟ್ ಪಾಯಿಂಟ್ (ಜೀವದ ಅಂಕ). ಬಾಣ ತಾಗಿದರೆ ಕ್ರಿಟಿಕಲ್ ಇಲ್ಲದೆಯೂ ನೂರಕ್ಕೆ 84 ಸಲ ಅವನು ನೆಲ ಕಚ್ಚುತ್ತಾನೆ. ಹೇಗೂ ಸಾಯುವವನಿಗೋಸ್ಕರ ನೀವೆಲ್ಲ ಜಗಳ ಆಡಿದ್ದೀರಿ!

ಆದರೂ ರೋಗ್ ಆಡುವವನ ಬೇಜಾರು ನನಗೆ ಅರ್ಥವಾಗುತ್ತದೆ. ಎಲ್ಲ ಸರಿಯಾಗಿ ಮಾಡಿ, ಹತ್ತಿರ ಹೋಗಿ, ಕೊನೆಗೆ ಒಂದು ದಾಳದಲ್ಲಿ ಕಡಿಮೆ ಅಂಕಿ ಬಿತ್ತು ಅಂತ ತನ್ನ ಇಡೀ ಕಸುಬು ನೀರು ಪಾಲಾದರೆ ಯಾರಿಗೆ ಖುಷಿ? ಇನ್ನೊಂದು ವಿಷಯ ಇದೆ. ಒಂದೇ ಥರದ ಶತ್ರುಗಳ ಗುಂಪಿಗೆ ಡಿಎಂ ಒಂದೇ ಇನಿಷಿಯೇಟಿವ್ ಹಾಕಬೇಕು ಅನ್ನುತ್ತದೆ ಪುಸ್ತಕ. ನೀವು ಹಾಗೆ ಮಾಡಿದ್ದು, ಆ ಒಂದು ರೋಲ್ 19 ಬಂದಿದ್ದರೆ ನಾಲ್ವರ ಮೇಲೂ ಕ್ರಿಟಿಕಲ್ ಹೋಗುತ್ತಿತ್ತು. ನೀವು ಬೇರೆ ಬೇರೆ ಹಾಕಿದ್ದು ಒಳ್ಳೆಯದೇ ಆಯಿತು. ಹೊಂಚು ದಾಳಿ ಇರುವ ಯುದ್ಧದಲ್ಲಿ ಯಾವಾಗಲೂ ಹಾಗೇ ಮಾಡಿ.

ಇನ್ನೂ ಸಡಿಲ ಬಿಡಬೇಕು ಅನ್ನಿಸಿದರೆ ಒಂದು ಮನೆ ನಿಯಮ ಇದೆ, ನನಗೆ ಒಪ್ಪಿಗೆ. ‘ಸರ್‌ಪ್ರೈಸ್ ಮೊದಲ ರೌಂಡ್ ಮುಗಿಯುವವರೆಗೆ ಇರುತ್ತದೆ’ ಅನ್ನುವುದು. ಇದಕ್ಕೆ ಪುಸ್ತಕದಲ್ಲೇ ಒಂದು ಆಧಾರ ಕೂಡ ಸಿಗುತ್ತದೆ. ಬಗ್‌ಬೇರ್ ಅನ್ನುವ ರಾಕ್ಷಸನಿಗೆ, ತಾನು ಸರ್‌ಪ್ರೈಸ್ ಮಾಡಿದವನನ್ನು ಮೊದಲ ರೌಂಡ್‌ನಲ್ಲಿ ಹೊಡೆದರೆ 2ಡಿ6 ಹೆಚ್ಚು ಡ್ಯಾಮೇಜ್. ಅಲ್ಲಿ ಬರೆದಿರುವುದು ‘ಮೊದಲ ರೌಂಡ್’ ಅಂತ. ಏಟು ತಿಂದವನ ಟರ್ನ್ ಆಗಿದೆಯೋ ಇಲ್ಲವೋ ಅನ್ನುವ ಮಾತೇ ಇಲ್ಲ. ರಾಕ್ಷಸನಿಗೆ ಇರುವ ಅನುಕೂಲ ರೋಗ್‌ಗೂ ಇರಲಿ ಅಂದರೆ ಅನ್ಯಾಯವೇನಲ್ಲ. ಆದರೆ ಇದನ್ನು ಒಪ್ಪಿಕೊಂಡರೆ ನಾಳೆ ಶತ್ರು ಕಡೆಯ ಕೊಲೆಗಾರ ನಿಮ್ಮ ವಿಝರ್ಡ್ ಮೇಲೆ ಬಿದ್ದಾಗಲೂ ಇದೇ ನಿಯಮ. ಆಗ ಯಾರೂ ಮುಖ ಊದಿಸಿಕೊಳ್ಳಬಾರದು. ರಿಯಾಕ್ಷನ್ ಮಾತ್ರ ಪುಸ್ತಕದಲ್ಲಿರುವ ಹಾಗೇ ಬಿಡಿ. ಟರ್ನ್ ಮುಗಿದವನಿಗೆ ರಿಯಾಕ್ಷನ್ ಸಿಗಲಿ, ಇಲ್ಲದಿದ್ದರೆ ರಿಯಾಕ್ಷನ್ ಆಗಿ ಹಾಕುವ ಶೀಲ್ಡ್ ಮಂತ್ರ ಇದ್ದೂ ಹಾಕಲಾಗದೆ ಆಟಗಾರರು ಸಾಯುತ್ತಾರೆ.

ಆ ಖಾಲಿ ಟರ್ನ್‌ನಲ್ಲಿ ಏನು ವರ್ಣಿಸುವುದು ಅಂತ ತುಂಬಾ ಡಿಎಂಗಳು ಒದ್ದಾಡುತ್ತಾರೆ. ‘ಅವನು ಏನೂ ಮಾಡಲ್ಲ, ಮುಂದೆ’ ಅಂದುಬಿಡುತ್ತಾರೆ. ಅಲ್ಲಿ ಒಂದು ಸಾಲು ಹಾಕಿ. ಮಾತಾಡುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ, ತಲೆ ಪೊದೆಯ ಕಡೆ ತಿರುಗಿತು, ಈಟಿ ಹಿಡಿದ ಕೈ ಬಿಗಿಯಾಯಿತು. ಅಷ್ಟು ಹೇಳಿದರೆ ‘ಇವನು ಎಚ್ಚರ ಆಗ್ತಿದ್ದಾನೆ’ ಅಂತ ರೋಗ್‌ಗೂ ತಿಳಿಯುತ್ತದೆ, ಬೇರೆಯವನನ್ನು ಗುರಿ ಮಾಡಬಹುದು.

ಪ್ಯಾಲಡಿನ್ ವಿಷಯದಲ್ಲಿ ಪುಸ್ತಕ ನಿಜಕ್ಕೂ ನಿಷ್ಕರುಣಿ. ಎದುರಿನವರಲ್ಲಿ ಒಬ್ಬನೇ ಒಬ್ಬ ಗಮನಕ್ಕೆ ಬಂದರೂ ಸಾಕು, ನೀವು ಸರ್‌ಪ್ರೈಸ್ ಅಲ್ಲ. ಸೇಜ್ ಅಡ್ವೈಸ್ ಇದನ್ನೂ ಖಚಿತವಾಗಿ ಹೇಳಿದೆ. ಕಾವಲುಗಾರನ ಪ್ಯಾಸಿವ್ ಪರ್ಸೆಪ್ಷನ್ 12. ಪ್ಯಾಲಡಿನ್ ತಂದದ್ದು 6. ಕಬ್ಬಿಣದ ಸದ್ದು ನಾಲ್ವರಿಗೂ ಕೇಳಿಸಿತು, ಹೊಂಚು ಅಲ್ಲಿಗೇ ಮುರಿಯಿತು.

ಇದು ಎಷ್ಟು ಕಷ್ಟ ಅಂತ ಲೆಕ್ಕ ಹಾಕಿ ನೋಡಿ. ಭಾರಿ ಕವಚದವನು ಡಿಸ್‌ಅಡ್ವಾಂಟೇಜ್‌ನಲ್ಲಿ, ಅಂದರೆ ಎರಡು ದಾಳದಲ್ಲಿ ಚಿಕ್ಕದನ್ನು ಹಿಡಿದು, ಯಾವ ಬೋನಸ್ಸೂ ಇಲ್ಲದೆ 12 ಮುಟ್ಟುವುದು ನೂರಕ್ಕೆ 20 ಸಲ. ಉಳಿದ ಮೂವರಿಗೂ ಧಾರಾಳವಾಗಿ +6 ಕೊಟ್ಟರೆ ಒಬ್ಬೊಬ್ಬರಿಗೆ 75. ನಾಲ್ವರೂ ಒಟ್ಟಿಗೆ ಪಾರಾಗುವುದು ನೂರಕ್ಕೆ 8–9 ಸಲ ಮಾತ್ರ. ಹೀಗಾದರೆ ಯಾವ ತಂಡ ತಾನೆ ಹೊಂಚು ಹಾಕುವ ಯೋಚನೆ ಮಾಡುತ್ತದೆ? ಅದಕ್ಕೇ ಬಹಳಷ್ಟು ಡಿಎಂಗಳು ಗ್ರೂಪ್ ಚೆಕ್ ಬಳಸುತ್ತಾರೆ. ಅರ್ಧ ಜನ ಗೆದ್ದರೆ ಎಲ್ಲರೂ ಗೆದ್ದಂತೆ. ಅದೇ ನಾಲ್ವರಿಗೆ ಈ ಲೆಕ್ಕದಲ್ಲಿ ನೂರಕ್ಕೆ 87 ಸಲ ಯಶಸ್ಸು. ಅದು ನನಗೆ ಜಾಸ್ತಿ ಆಯಿತು ಅನ್ನಿಸುತ್ತದೆ. ಕವಚದವನು ಗಲಗಲ ಅಂತ ನಡೆದು ಬಂದರೂ ನಡೆಯುತ್ತೆ ಅನ್ನುವಂತಾದರೆ ಕವಚಕ್ಕೆ ಬೆಲೆಯೇ ಇಲ್ಲ.

ನಾನು ಹೇಳುವುದು ಅವನನ್ನು ದೂರ ನಿಲ್ಲಿಸುವ ದಾರಿ. ಪ್ಯಾಲಡಿನ್ ಅರವತ್ತು ಎಪ್ಪತ್ತು ಅಡಿ ಹಿಂದೆ ನಿಲ್ಲಲಿ, ಅವನ ಸದ್ದು ಬಾಗಿಲವರೆಗೆ ಬರುವುದಿಲ್ಲ ಅಂತ ನೀವು ತೀರ್ಮಾನಿಸಿ, ರೋಲೇ ಬೇಡ. ಹತ್ತಿರ ಹೋಗುವ ಮೂವರು ಮಾತ್ರ ಸ್ಟೆಲ್ತ್ ಹಾಕಲಿ. ಯುದ್ಧ ಶುರುವಾದ ಮೇಲೆ 30 ಅಡಿ ವೇಗದವನು ಓಡೋಡಿ ಬಂದರೂ ಮೊದಲ ಟರ್ನ್‌ನಲ್ಲಿ ಹೊಡೆಯಲಾರ. ಸದ್ದಿಗೆ ತೆರಬೇಕಾದ ದಂಡವನ್ನು ಅವನು ಹೊತ್ತಿನಲ್ಲಿ ತೆರುತ್ತಾನೆ. ಎಲ್ಲರೂ ಒಟ್ಟಿಗೇ ಹೋಗಲೇಬೇಕು ಅಂದರೆ ಪಾಸ್ ವಿತೌಟ್ ಟ್ರೇಸ್ ಮಂತ್ರ ಇದೆ, ಸ್ಟೆಲ್ತ್‌ಗೆ +10. ನಿಮ್ಮ ರೇಂಜರ್ ಐದನೇ ಲೆವೆಲ್ ಮುಟ್ಟಿದಾಗ ಅದು ಅವಳ ಕೈಗೆ ಬರುತ್ತದೆ. ಅಲ್ಲಿಯವರೆಗೆ ಪ್ಯಾಲಡಿನ್ ಹಿಂದೆ ಇರಲಿ.

ಒಂದು ಮಾತು ವಿಝರ್ಡ್‌ಗೂ ಹೇಳಿ. ಪ್ಯಾಲಡಿನ್ ಸಿಕ್ಕಿಬಿದ್ದ ಅಂದ ಮಾತ್ರಕ್ಕೆ ಉಳಿದವರು ಅಡಗಿದ್ದು ದಂಡ ಅಲ್ಲ. ಸರ್‌ಪ್ರೈಸ್ ಹೋಯಿತು, ನಿಜ. ಆದರೆ ರೋಗ್, ರೇಂಜರ್ ಎಲ್ಲಿದ್ದಾರೆ ಅಂತ ಕಾವಲುಗಾರರಿಗೆ ಇನ್ನೂ ಗೊತ್ತಿಲ್ಲ. ಅವರ ಮೊದಲ ಏಟಿಗೆ ಅಡ್ವಾಂಟೇಜ್ ಇದೆ. ಟರ್ನ್ ಆಡದವರ ಮೇಲೆ ಅಸಾಸಿನ್‌ಗೆ ಸಿಗುವ ಅಡ್ವಾಂಟೇಜ್ ಕೂಡ ಉಳಿದಿದೆ. ಹೋಗಿದ್ದು ಕ್ರಿಟಿಕಲ್ ಮತ್ತು ಕಾವಲುಗಾರರ ಖಾಲಿ ಟರ್ನ್ ಮಾತ್ರ.

ನೀವು ಕೇಳಿಲ್ಲ, ಆದರೆ ಮುಂದಿನ ಜಗಳ ಇಲ್ಲೇ ಬರುತ್ತದೆ. ಶತ್ರು ನಾಯಕನ ಎದುರು ಮಾತುಕತೆ ನಡೆಯುತ್ತಿದೆ, ಮಧ್ಯೆ ಒಬ್ಬ ‘ಚಾಕು ತೆಗೆದು ಚುಚ್ತೀನಿ, ಅವನಿಗೆ ಸರ್‌ಪ್ರೈಸ್ ಅಲ್ವಾ?’ ಅನ್ನುತ್ತಾನೆ. ಅಲ್ಲ. ಆಯುಧ ಇಟ್ಟುಕೊಂಡ ಅಪರಿಚಿತರು ಎದುರಿಗೇ ನಿಂತಿದ್ದಾರೆ, ಅಪಾಯ ಕಣ್ಣ ಮುಂದೆಯೇ ಇದೆ. ಯಾರ ಕೈ ಮೊದಲು ಓಡಿತು ಅಂತ ಇನಿಷಿಯೇಟಿವ್ ಹೇಳುತ್ತದೆ. ವರ್ಷಗಳಿಂದ ನಂಬಿದ ಗೆಳೆಯ ಅಪ್ಪಿಕೊಳ್ಳುವಾಗ ಚುಚ್ಚಿದರೆ ಮಾತು ಬೇರೆ. ಅಲ್ಲಿ ನಾನು ಡಿಸೆಪ್ಷನ್ (ವಂಚನೆ) ರೋಲನ್ನು ಎದುರಿನವನ ಮನಸ್ಸು ಅರಿಯುವ ಇನ್‌ಸೈಟ್‌ಗೆ ಹೋಲಿಸಿ, ಗೆದ್ದರೆ ಸರ್‌ಪ್ರೈಸ್ ಕೊಡುತ್ತೇನೆ. ಬಾಗಿಲು ತೆರೆದರೆ ಎರಡು ಗುಂಪು ಮುಖಾಮುಖಿ, ಯಾರೂ ಅಡಗಿರಲಿಲ್ಲ ಅಂದರೆ ಯಾರಿಗೂ ಸರ್‌ಪ್ರೈಸ್ ಇಲ್ಲ. 1981ರ ಬೇಸಿಕ್ ಆವೃತ್ತಿಯಲ್ಲಿ ಇಂಥ ಕಡೆ ಎರಡೂ ಬದಿಗೆ ಒಂದೊಂದು ಡಿ6 ಹಾಕಿ, 1 ಅಥವಾ 2 ಬಂದವರು ತಬ್ಬಿಬ್ಬು ಅನ್ನುತ್ತಿದ್ದರು. ಚೆನ್ನಾಗಿತ್ತು, ಆದರೆ ಈಗಿನ ನಿಯಮದಲ್ಲಿ ಅದು ಇಲ್ಲ. ಇನ್ನು ನಿದ್ದೆ ಮಾಡುತ್ತಿರುವ ಕಾವಲುಗಾರನಿಗೆ ಸರ್‌ಪ್ರೈಸ್ ಲೆಕ್ಕವೇ ಬೇಕಿಲ್ಲ. ಅವನು ಪ್ರಜ್ಞೆ ಇಲ್ಲದವನ ಲೆಕ್ಕ, ಐದು ಅಡಿ ಒಳಗಿನಿಂದ ತಾಗಿದ ಏಟು ಯಾರು ಹೊಡೆದರೂ ಕ್ರಿಟಿಕಲ್.

ಆಟಗಾರರ ಮೇಲೆ ನೀವೇ ಹೊಂಚು ಹಾಕಿಸುವಾಗ ‘ಎಲ್ಲರೂ ಪರ್ಸೆಪ್ಷನ್ ಹಾಕಿ’ ಅನ್ನಬೇಡಿ. ಅಂದ ಕೂಡಲೇ ಎಲ್ಲರೂ ಕತ್ತಿ ಹಿರಿಯುತ್ತಾರೆ. ಪ್ಯಾಸಿವ್ ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮಬ್ಬುಗತ್ತಲಲ್ಲಿ ಕಣ್ಣಿನಿಂದಲೇ ನೋಡಬೇಕಾದಾಗ ಅದರಲ್ಲಿ 5 ಕಳೆಯಿರಿ, ಬಿರುಸಾಗಿ ನಡೆಯುತ್ತಿದ್ದರೂ 5 ಕಳೆಯಿರಿ. ನಕ್ಷೆ ಬರೆಯುತ್ತಾ, ದಾರಿ ಹುಡುಕುತ್ತಾ ಇರುವವನ ಪ್ಯಾಸಿವ್ ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಕೈ ಸ್ವಲ್ಪ ಹಗುರ ಇರಲಿ. ಗಾಬ್ಲಿನ್‌ಗೆ ಸ್ಟೆಲ್ತ್ +6. ಒಂದನೇ ಲೆವೆಲ್ ತಂಡ ಒಂದಿಡೀ ಟರ್ನ್ ಕಳೆದುಕೊಂಡರೆ ನಾಲ್ಕು ಗಾಬ್ಲಿನ್ ಸಾಕು ಆಟ ಮುಗಿಸಲು.

ಬಹುಶಃ ಇದೇ ಕಾರಣಕ್ಕೆ 2024ರ ಪುಸ್ತಕದಲ್ಲಿ ಎಲ್ಲ ಬದಲಾಯಿತು. ಈಗ ಸರ್‌ಪ್ರೈಸ್ ಆದವನು ಇನಿಷಿಯೇಟಿವ್‌ಗೆ ಡಿಸ್‌ಅಡ್ವಾಂಟೇಜ್‌ನಲ್ಲಿ ರೋಲ್ ಮಾಡುತ್ತಾನೆ, ಅಷ್ಟೇ. ಟರ್ನ್ ಕಳೆದುಕೊಳ್ಳುವುದಿಲ್ಲ. ಚೆನ್ನಾಗಿ ಅಡಗಿದವನಿಗೆ ಅಡ್ವಾಂಟೇಜ್. ಇಬ್ಬರ ಬೋನಸ್ ಸಮ ಇದ್ದರೆ ಸರ್‌ಪ್ರೈಸ್ ಆದವನು ಮುಂದೆ ಬರುವುದು ನೂರಕ್ಕೆ 15 ಸಲ. ಅಸಾಸಿನ್‌ಗೂ ಕ್ರಿಟಿಕಲ್ ಹೋಗಿ, ಮೊದಲ ರೌಂಡ್‌ನ ಸ್ನೀಕ್ ಅಟ್ಯಾಕ್‌ಗೆ ರೋಗ್ ಲೆವೆಲ್ಲಿನಷ್ಟು ಹೆಚ್ಚು ಡ್ಯಾಮೇಜ್ ಬಂದಿದೆ. ನಿಮ್ಮ ಜಗಳ ಅಲ್ಲಿ ಹುಟ್ಟುವುದೇ ಇಲ್ಲ. ಆದರೆ ಹೊಂಚಿನ ಹಲ್ಲು ಸ್ವಲ್ಪ ಮೊಂಡಾಗಿದೆ ಅನ್ನುವುದು ನನ್ನ ಅನಿಸಿಕೆ. ಆ 15 ಸಲ ಮೊದಲು ಆಡುವ ಕಾವಲುಗಾರ ಏನು ಮಾಡಬೇಕು? ಅವನಿಗೆ ಇನ್ನೂ ಯಾರೂ ಕಂಡಿಲ್ಲ. ಅವನಿಗೆ ಗೊತ್ತಿರುವಷ್ಟನ್ನೇ ಮಾಡಿಸಿ: ನಿಂತು ಕಿವಿಗೊಡಲಿ, ಹುಡುಕಲಿ, ಪಕ್ಕದವನನ್ನು ಕರೆಯಲಿ. ನೇರ ಪೊದೆಗೆ ಈಟಿ ಎಸೆಯುವುದು ಬೇಡ. ಇಂಥದ್ದೇ ಇನ್ನೊಂದು ಆಟವಾದ 2019ರ ಪಾಥ್‌ಫೈಂಡರ್ ಎರಡನೇ ಆವೃತ್ತಿ ಇದನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ. ಅಡಗಿ ಬಂದವನು ಸ್ಟೆಲ್ತ್ ರೋಲನ್ನೇ ಇನಿಷಿಯೇಟಿವ್ ಆಗಿ ಬಳಸುತ್ತಾನೆ. ಅದೇ ಅಂಕಿಯನ್ನು ಎದುರಿನವರ ಪರ್ಸೆಪ್ಷನ್ ಡಿಸಿಗೆ (ಮುಟ್ಟಬೇಕಾದ ಅಂಕಿಗೆ) ಹೋಲಿಸಿದರೆ, ಕಂಡನೋ ಇಲ್ಲವೋ ಅನ್ನುವುದೂ ತೀರ್ಮಾನ.

ಮುಗಿದ ಆಟವನ್ನು ಮತ್ತೆ ಕೆದಕಬೇಡಿ, ಸತ್ತ ಕಾವಲುಗಾರರು ಸತ್ತೇ ಇರಲಿ. ಮುಂದಿನ ಸಲ ದಾಳ ಹಿಡಿಯುವ ಮುಂಚೆ ಎರಡು ವಿಷಯ ತೀರ್ಮಾನ ಮಾಡಿ ಎಲ್ಲರಿಗೂ ಹೇಳಿಬಿಡಿ. ಸರ್‌ಪ್ರೈಸ್ ಮುಗಿಯುವುದು ಟರ್ನ್ ಕೊನೆಗೋ, ರೌಂಡ್ ಕೊನೆಗೋ? ಸ್ಟೆಲ್ತ್ ಒಬ್ಬೊಬ್ಬರದೋ, ಗುಂಪಿನದೋ? ರೋಗ್ ಆಡುವವನಿಗೆ ಇದು ಇವತ್ತೇ ತಿಳಿಯಲಿ. ನಾಲ್ಕನೇ ಲೆವೆಲ್‌ನಲ್ಲಿ ಅವನು ಫೀಟ್ (ವಿಶೇಷ ಸಾಮರ್ಥ್ಯ) ಆರಿಸಿಕೊಳ್ಳುತ್ತಾನಲ್ಲ, ನಿಮ್ಮದು ‘ಟರ್ನ್ ಕೊನೆಗೆ’ ಅಂತಾದರೆ ಇನಿಷಿಯೇಟಿವ್‌ಗೆ +5 ಕೊಡುವ ಅಲರ್ಟ್ ಅವನಿಗೆ ಬೇಕಾಗುತ್ತದೆ.